ರಾಜಣ್ಣನ ಕುಡಿ ಎಲೆ

ಹೆಣ್ಣಿನ ಕಡೆಯವರು ಕೊನೆಯ ಪಂಕ್ತಿಯಲ್ಲೇ ಉಣ್ಣಬೇಕು ಎಂದು ಮೊದಲು ಹೇಳಿದವನು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವನಿಗೆ ಬರೀ ಗಂಡುಮಕ್ಕಳೇ ಇದ್ದಿರಬೇಕು.

ರಾಜಣ್ಣನಿಗೆ ಇದ್ದದ್ದು ಮೊದಲು ಅಕ್ಕ, ತಂಗಿಯರು, ಆಮೇಲೆ ಹೆಣ್ಣುಮಕ್ಕಳು. ತಂಗಿಯರ ಮದುವೆಗಳಲ್ಲೂ ದೊಡ್ಡ ಮಗಳು ಪದ್ಮಶ್ರೀಯ ಮದುವೆಯಲ್ಲೂ ಬೀಗರೆಲ್ಲ ಉಂಡು, ತೇಗಿ, ಛತ್ರದ ಕಂಬಕ್ಕೊರಗಿ ಗೊರಕೆ ಹೊಡೆಯುವ ಹೊತ್ತಿಗೆ ಅವನ ಮುಂದೆ ಎಲೆ ಬೀಳುತ್ತಿತ್ತು. ಅದೂ ಎಂಥ ಎಲೆ! ಬುಡದ ಕಡೆಯ ಹರಕು. ಅದರ ಮೇಲೆ ತಳ ಹಿಡಿದ ಅನ್ನ, ಬೇಳೆಯ ನೆನಪು ಮಾತ್ರ ಉಳಿದ ಸಾರು. ಒಬ್ಬಟ್ಟು ಅವನವರೆಗೆ ಬಂದದ್ದೇ ಇಲ್ಲ. ಚೂಪು ತುದಿಯ ಕುಡಿ ಎಲೆ ಗಂಡಿನ ಕಡೆಯವರಿಗೆ ಮೀಸಲು. ತನ್ನ ಮನೆಯ ಮದುವೆಯ ಮೊದಲ ಪಂಕ್ತಿಯಲ್ಲಿ, ಕುಡಿ ಎಲೆಯ ಮುಂದೆ ಕೂತು, ಬಿಸಿಬಿಸಿ ಕಾಯೊಬ್ಬಟ್ಟು ತಿನ್ನಬೇಕು ಎಂಬುದು ರಾಜಣ್ಣನ ಜೀವಮಾನದ ಆಸೆಯಾಗಿತ್ತು.

ಚಿಕ್ಕ ಮಗಳು ತನುಶ್ರೀ, "ಅಪ್ಪ, ನಾನ್ ಮದ್ವೆ ಅಂತ ಆದ್ರೆ ಜೀವಿತಾನ್ನೇ" ಎಂದಾಗ ಅವನು ಒಂದು ವಾರ ಬರೀ ಕಾಯಿ ಸುಲಿದ. ಕಾಯಿ ಮುಗಿಯುವ ಹೊತ್ತಿಗೆ ತಲೆ ತಿಳಿಯಾಗಿತ್ತು. ಆಮೇಲೆ ಮಗಳ ಜೊತೆ ಬೆಂಗಳೂರಿಗೆ ಹೋಗಿ, ಬಣ್ಣಬಣ್ಣದ ಬಾವುಟ ಹಿಡಿದು ಮೆರವಣಿಗೆಯಲ್ಲಿ ನಡೆದೂ ಬಂದ. ಇಂಥ ಮದುವೆಗೆ ಮಾನ್ಯತೆ ಕೊಡುವುದು ತನ್ನ ಕೆಲಸವಲ್ಲ, ಅದು ಸಂಸತ್ತಿಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟು ಹೇಳಿದ ದಿನ ಟಿವಿಗೆ ಬೆನ್ನು ತಿರುಗಿಸಿ ಕೂತ.

ಅವನ ಅಕ್ಕ ಚೌಡಮ್ಮ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಕಾನೂನ್ ಬರೋಗಂಟ ಕಾದ್ರೆ ಹುಡ್ಗೀರ ತಲೆ ನೆರೀತದೆ ಕಣ್ಲಾ. ನಾವ್ ಮಾಡಾನ. ಸರ್ಕಾರ ಆಮ್ಯಾಕೆ ಬಂದು ಉಂಡ್ಕಂಡು ಹೋಗ್ಲಿ" ಎಂದಳು. ಎರಡೂ ಮನೆಗಳ ಜಾತಿ ಬೇರೆ ಎಂಬುದು ನೆನಪಾದದ್ದು ಛತ್ರ ಗೊತ್ತು ಮಾಡಿದ ಮೇಲೆ. ಅಷ್ಟು ಹೊತ್ತಿಗೆ ಗಾಬರಿಪಡಲು ಯಾರಲ್ಲೂ ಶಕ್ತಿ ಉಳಿದಿರಲಿಲ್ಲ.

ರಾಜಣ್ಣನಿಗೆ ಮಿಂಚಿನಂತೆ ಹೊಳೆದದ್ದೂ ಆವಾಗಲೇ. ಗಂಡೇ ಇಲ್ಲದ ಮದುವೆಗೆ ಗಂಡಿನ ಕಡೆ ಎಲ್ಲಿಂದ ಬರಬೇಕು? ಮೊದಲ ಪಂಕ್ತಿ ಖಾಲಿ! ಅಂದಿನಿಂದ ತಿಪಟೂರಿನಲ್ಲಿ ಈ ಮದುವೆಯ ಪರವಾಗಿ ಅವನಷ್ಟು ಗಟ್ಟಿಯಾಗಿ ಮಾತಾಡಿದವರು ಇನ್ನೊಬ್ಬರಿಲ್ಲ.

ಮದುವೆಯ ಬೆಳಿಗ್ಗೆ ಬೀಗರನ್ನು ಎದುರುಗೊಳ್ಳಲು ರಾಜಣ್ಣ ಪನ್ನೀರುದಾನಿ ಹಿಡಿದು ಛತ್ರದ ಬಾಗಿಲಿಗೆ ಬಂದ. ಅಲ್ಲಿ ಜೀವಿತಾಳ ಅಪ್ಪ ಶಂಭುಲಿಂಗಯ್ಯ ಆಗಲೇ ಪನ್ನೀರುದಾನಿ ಹಿಡಿದು ನಿಂತಿದ್ದರು. ಅವರಿಗೂ ಹೆಣ್ಣುಮಕ್ಕಳೇ. ಇಬ್ಬರೂ ಒಬ್ಬರ ಮೇಲೊಬ್ಬರು ಪನ್ನೀರು ಚಿಮುಕಿಸಿಕೊಂಡು, ಮಳೆಯಲ್ಲಿ ನೆಂದ ಕೋಳಿಗಳಂತಾದರು.

"ನೀವೇ ಗಂಡಿನ ಕಡೆ ಆಗ್ಬುಡಿ ಬೀಗ್ರೇ" ಎಂದ ರಾಜಣ್ಣ, ಅವರು ಬೇಡ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ.

"ಛೇ ಛೇ, ನೀವಿರುವಾಗ ನಾನಾ? ನೀವೇ ಆಗಿ" ಎಂದರು ಶಂಭುಲಿಂಗಯ್ಯ. ಅವರ ಕಣ್ಣಲ್ಲೂ ಅದೇ ಬೇಡಿಕೆ.

ಮರ್ಯಾದೆಯ ಈ ಹಗ್ಗಜಗ್ಗಾಟದಲ್ಲಿ ಮುಹೂರ್ತವೇ ಮೀರುವಂತಾದಾಗ ತನುಶ್ರೀ ಮದುಮಗಳ ಸೀರೆಯಲ್ಲೇ ಓಡಿ ಬಂದಳು. "ಇಬ್ರೂ ಗಂಡಿನ ಕಡೆನೇ ಅಂತ ಇಟ್ಕೊಳ್ಳಿ. ಒಟ್ಗೆ ಕೂತು ಮೊದಲ್ನೇ ಪಂಕ್ತೀಲಿ ಊಟ ಮಾಡಿ. ಈಗ ಒಳಗ್ ಬನ್ನಿ ಅಪ್ಪ!"

ಹಾರ ಬದಲಾಯಿತು. ಹುಡುಗಿಯರು ಒಬ್ಬರಿಗೊಬ್ಬರು ತಾಳಿ ಕಟ್ಟಿದರು. ಚೌಡಮ್ಮ ಅಕ್ಷತೆಯನ್ನು ಎಷ್ಟು ಜೋರಾಗಿ ಎಸೆದಳೆಂದರೆ ವಾಲಗದವನು ಕಣ್ಣುಜ್ಜಿಕೊಂಡ. ಎರಡೂ ಮನೆಯವರು ಅತ್ತರು, ನಕ್ಕರು. ಬೆಳಗಿನಿಂದ ಉಪವಾಸವಿದ್ದ ರಾಜಣ್ಣನ ಹೊಟ್ಟೆ ಮಾತ್ರ ವಾಲಗಕ್ಕೆ ಶ್ರುತಿ ಹಿಡಿದಿತ್ತು.

ಕೊನೆಗೂ ಎಲೆ ಬಿತ್ತು. ಕುಡಿ ಎಲೆ! ಉಪ್ಪು ಬಂತು, ಕೋಸಂಬರಿ ಬಂತು. ಕಾಯೊಬ್ಬಟ್ಟಿನ ತಟ್ಟೆ ಪಂಕ್ತಿಯ ಆ ತುದಿಯಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ಬಾಗಿಲಲ್ಲಿ ವ್ಯಾನೊಂದರ ಹಾರ್ನ್ ಕೇಳಿಸಿತು.

ರಾಜಣ್ಣ, ಶಂಭುಲಿಂಗಯ್ಯ ಇಬ್ಬರೂ ಒಟ್ಟಿಗೇ ಎದ್ದರು. ಎದ್ದದ್ದು ಅವರಲ್ಲ, ಅವರ ಕಾಲುಗಳು.

ವ್ಯಾನಿನಿಂದ ಜರಿ ಪೇಟದ ಮುದುಕನೊಬ್ಬ ತಲೆ ಹೊರಗೆ ಹಾಕಿ, "ಸ್ವಾಮಿ, ಬೀಗರೂಟದ ಛತ್ರ..." ಎನ್ನುತ್ತಿದ್ದಂತೆ ರಾಜಣ್ಣ, "ಇದೇ ಕಣ್ರೀ, ಇಳೀರಿ ಇಳೀರಿ!" ಎಂದು ಬಾಗಿಲು ತೆಗೆದ. ಇವರು ಶಂಭುಲಿಂಗಯ್ಯನವರ ನೆಂಟರು ಎಂದು ಅವನು ತಿಳಿದ. ರಾಜಣ್ಣನ ನೆಂಟರು ಎಂದು ಶಂಭುಲಿಂಗಯ್ಯ ತಿಳಿದರು. ಬೀಗರ ಕಡೆಯವರನ್ನು 'ನೀವ್ಯಾರು' ಎಂದು ಕೇಳುವುದುಂಟೆ? ಹಾಕಿದ್ದ ಎಲೆಗಳ ಮುಂದೆಯೇ ಎಲ್ಲರನ್ನೂ ಕೂರಿಸಿದರು.

ಮುದುಕ ಮಾಯಸಂದ್ರದ ಹುಚ್ಚಣ್ಣ. ಗಂಡಿನ ಕಡೆಯವನಾಗಲೆಂದೇ ಹುಟ್ಟಿದವನು. "ಫ್ಯಾನ್ ತಿರುಗುಸ್ರೀ. ನೀರು ಬೆಚ್ಚಗಿರ್ಲಿ. ಉಪ್ಪಿನ್ಕಾಯಿ ಇಷ್ಟೇಯಾ?" ರಾಜಣ್ಣ ಓಡಿದ, ಶಂಭುಲಿಂಗಯ್ಯ ಓಡಿದರು. ಅಭ್ಯಾಸ ಬಿಟ್ಟೀತೆ?

ಕೋಸಂಬರಿಯನ್ನು ಬೆರಳಿನಿಂದ ಕೆದಕಿ ಹುಚ್ಚಣ್ಣ ಕೇಳಿದ: "ಅಲ್ರೀ, ಬೀಗರೂಟ ಅಂತ ಕರ್ದು ಸೊಪ್ಪುಸದೆ ಹಾಕ್ತೀರಲ್ಲ, ಬಾಡೆಲ್ಲಿ?"

ಮಾಂಸ ಮುಟ್ಟದ ಶಂಭುಲಿಂಗಯ್ಯನವರ ನೆಂಟರು ಬಾಡು ಕೇಳುವುದೇ! ಕಾಲ ಬದಲಾಗಿದೆ ಎಂದುಕೊಂಡು ರಾಜಣ್ಣ, ಅವನ ಬಾಯಿ ಮುಚ್ಚಿಸಲು ಎಲೆಯ ಮೇಲೆ ಇನ್ನೆರಡು ಒಬ್ಬಟ್ಟು ಹಾಕಿ ತುಪ್ಪ ಸುರಿದ. ಬಾಯಿ ಮುಚ್ಚಿತು. ವ್ಯಾನಿನವರೆಲ್ಲ ಒಬ್ಬಟ್ಟನ್ನು ಬತ್ತದ ಗದ್ದೆಗೆ ನುಗ್ಗಿದ ದನಗಳಂತೆ ಮೇಯ್ದರು.

ಹುಚ್ಚಣ್ಣ ತೇಗುವ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಆ ಕಡೆಯ ಕೂಗು ಪಂಕ್ತಿಗೆಲ್ಲ ಕೇಳಿಸಿತು. "ಎಲ್ಲಿದ್ದೀರಿ ಬೀಗ್ರೇ? ನಾನ್ ತಿಮ್ಮೇಶ. ಮುದ್ದೆ ಆರೋಯ್ತಾ ಐತೆ!"

"ನಿಮ್ ಛತ್ರದಲ್ಲೇ ಉಂಡ್ವಲ್ರೀ" ಎಂದ ಹುಚ್ಚಣ್ಣ.

"ಬಸ್‌ಸ್ಟ್ಯಾಂಡ್ ಹಿಂದ್ಲ ಛತ್ರದಲ್ಲಿ ನಾನೇ ನಿಂತಿವ್ನಿ. ನೀವ್ ಯಾರ ಮದ್ವೇಲಿ ಉಂಡ್ರಿ?"

ಹುಚ್ಚಣ್ಣ ಸುತ್ತ ನೋಡಿದ. "ಅಲ್ಲಾ, ಇದ್ಯಾರ ಮದ್ವೆ? ಗಂಡೆಲ್ಲಿ?"

ಜೀವಿತಾ ತನುಶ್ರೀಯ ಕೈ ಹಿಡಿದು ಮುಂದೆ ಬಂದಳು. "ನಮ್ದೇ ತಾತ. ಇಬ್ರೂ ಹುಡ್ಗೀರೇ."

ಹುಚ್ಚಣ್ಣ ಅವರಿಬ್ಬರನ್ನೂ ನೋಡಿದ. ಖಾಲಿ ಎಲೆಯನ್ನು ನೋಡಿದ. ತನ್ನ ಹೊಟ್ಟೆಯನ್ನು ನೋಡಿಕೊಂಡ. "ಕೇಳೋದಿದ್ರೆ ಒಬ್ಬಟ್ಟು ತಿನ್ನಕ್ ಮುಂಚೆ ಕೇಳ್ಬೇಕಾಗಿತ್ತು. ಉಂಡಾದ್ಮ್ಯಾಲೆ ಏನ್ ಮಾತು? ಅಕ್ಷತೆ ತತ್ತಾರವ್ವ" ಎಂದು, ಬಾಗಿದ ಎರಡು ತಲೆಗಳ ಮೇಲೂ ಕೈಯಿಟ್ಟ. "ಜಗಳ ಆಡಿದ್ರೂ ಬೆಳಕರಿಯೋದ್ರೊಳಗೆ ಒಂದಾಗ್ಬುಡಿ." ಚೌಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಡುಗೆಮನೆಯಲ್ಲಿ ಉಳಿದಿದ್ದದ್ದು ಎರಡೇ ಒಬ್ಬಟ್ಟು. ರಾಜಣ್ಣ ಅವನ್ನು ನೋಡುತ್ತ ನಿಂತಿರುವಾಗಲೇ ಹುಚ್ಚಣ್ಣ ಫೋನು ಚಾಚಿದ. ತಿಮ್ಮೇಶ ಗೋಗರೆಯುತ್ತಿದ್ದ: "ನಮ್ ಬೀಗ್ರಿಗೆ ಊಟ ಹಾಕಿದ್ದೀರಿ. ಇಲ್ಲಿ ಕೊಪ್ಪರಿಗೆ ಬಾಡು ಹಂಗೇ ಐತೆ. ನೀವೇ ಬಂದು ಉಣ್ಬೇಕು. ಮೊದಲ್ನೇ ಪಂಕ್ತಿ ನಿಮ್ದೇ!"

ರಾಜಣ್ಣನ ಎದೆ ಉಬ್ಬಿತು. ಒಬ್ಬಟ್ಟಿನ ತಟ್ಟೆಯನ್ನು ರಾಜನಂತೆ ಶಂಭುಲಿಂಗಯ್ಯನವರ ಕಡೆ ತಳ್ಳಿ, "ನೀವು ಬಾಡು ಮುಟ್ಟೋರಲ್ಲ ಬೀಗ್ರೇ, ಎರಡೂ ನೀವೇ ತಗಳ್ಳಿ" ಎಂದ. ಅವರು ಈ ಸಲ ಒಂದು ಬಾರಿಯೂ ಬೇಡ ಎನ್ನಲಿಲ್ಲ.

ಅಕ್ಕನನ್ನೂ ಮದುಮಕ್ಕಳನ್ನೂ ಕರೆದುಕೊಂಡು ತಿಮ್ಮೇಶನ ಛತ್ರಕ್ಕೆ ಹೋದ ರಾಜಣ್ಣನಿಗೆ ಅಲ್ಲಿ ಸಿಕ್ಕ ಮರ್ಯಾದೆ ಯಾವ ಗಂಡಿನ ಅಪ್ಪನಿಗೂ ಸಿಕ್ಕಿರಲಾರದು. ಮೊದಲ ಪಂಕ್ತಿಯ ಮೊದಲ ಜಾಗ. ಚೂಪು ತುದಿಯ ಅಗಲವಾದ ಕುಡಿ ಎಲೆ. ಹೊಗೆಯಾಡುವ ಮುದ್ದೆ ಬಂತು. ಹಿಂದೆಯೇ ಬಾಡಿನ ಬಕೆಟ್ಟೂ ಬಂತು. ಸೌಟು ಎಲೆಯ ಮೇಲೆ ಬಾಗಿತು.

"ಏಯ್, ನಿಲ್ಸಪ್ಪ!" ಚೌಡಮ್ಮ ಎಲೆಗೆ ಕೈ ಅಡ್ಡ ಹಿಡಿದಿದ್ದಳು. "ಮಗಳನ್ನ ಧಾರೆ ಎರ್ದ ದಿನ ಬಾಡು ಮುಟ್ಟಂಗಿಲ್ಲ ಕಣ್ಲಾ! ಬುದ್ಧಿ ಎಲ್ಲಿಟ್ಟಿದ್ದೀಯ?"

"ಅಕ್ಕಾ, ಕಾನೂನೇ ಇದನ್ನ ಮದ್ವೆ ಅಂತ ಒಪ್ಪಿಲ್ವಲ್ಲ..." ರಾಜಣ್ಣ ಕ್ಷೀಣ ದನಿಯಲ್ಲಿ ಕೊನೆಯ ಯತ್ನ ಮಾಡಿದ.

"ಅದು ಒಪ್ದಿದ್ರೆ ಬುಡ್ಲಿ. ನಾನ್ ಒಪ್ಪಿವ್ನಿ!"

ಸೌಟು ಪಕ್ಕದ ಎಲೆಗೆ ಹೋಯಿತು. ರಾಜಣ್ಣನಿಗೆ ಬರೀ ಮುದ್ದೆ, ಉಪ್ಪು, ಒಂದು ಲೋಟ ಮಜ್ಜಿಗೆ.

ಎದುರಿಗೆ ನಿಂತಿದ್ದ ತನುಶ್ರೀ ನಕ್ಕೂ ನಕ್ಕೂ ಜೀವಿತಾಳ ಹೆಗಲಿಗೊರಗಿದಳು. "ಈಗ ಗೊತ್ತಾಯ್ತಾ ಅಪ್ಪ ನಮ್ ಕಷ್ಟ? ಕೂರ್ಸಿ ಎಲೆ ಹಾಕ್ತಾರೆ. ಬಡಿಸಲ್ಲ."

"ಬಡಿಸೋಗಂಟ ಏಳೋದೇ ಬ್ಯಾಡ ಬುಡವ್ವ" ಎಂದು ರಾಜಣ್ಣ ಎಲೆಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡು, ಮಜ್ಜಿಗೆ ಲೋಟಕ್ಕೆ ಕೈ ಚಾಚಿದ.