ಎದ್ದು ನಿಂತ ಫಲಕ

ಅಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣ ಒಂದು ಕಪ್ ಕಾಫಿ. ಬ್ರಸೆಲ್ಸ್‌ನ ಸಭೆಯಲ್ಲಿ ಅದನ್ನಿಡಲು ಜಾಗ ಸಾಲದೆ, ಓಯಾರ್ಸ್ ತನ್ನ ಮುಂದೆ ಮಲಗಿದ್ದ ದೇಶದ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸಿದ. ಅಲ್ಲಿ ಫಲಕ ನಿಲ್ಲಿಸಿದರೆ ‘ನನಗೆ ಮಾತಾಡಬೇಕಿದೆ’ ಎಂದರ್ಥ. ಬಾಲ್ಟಿಕ್ ತೀರದ ಪುಟ್ಟ ದೇಶದ ಪ್ರತಿನಿಧಿಯಾಗಿ ಮೊನ್ನೆ ಮೊನ್ನೆ ಬಂದ ಅವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ, ಕಾಫಿಯ ಘಮದಲ್ಲಿ ಮರೆತಿದ್ದ.

ಚರ್ಚೆ ಜೇನಿನ ಸೀಸೆಗೆ ಅಂಟಿಸುವ ಚೀಟಿಯ ಕಾಯಿದೆಯದ್ದು. ಇಪ್ಪತ್ತೇಳು ದೇಶಗಳ ಆ ಕೂಟದಲ್ಲಿ ಮೌನಂ ಸಮ್ಮತಿ ಲಕ್ಷಣಂ. ಊರಿನ ಮೇಲಧಿಕಾರಿಯ ಅಪ್ಪಣೆಯೂ ಅದೇ: ಬಾಯಿ ಬಿಡಬೇಡ. ಎಡವಟ್ಟಾಗದಿದ್ದರೆ ಅವನ ಕೆಲಸ ಕಾಯಂ.

“ಹೇಳಿ, ನಿಮ್ಮದೇನು?” ಎಂದರು ಅಧ್ಯಕ್ಷೆ.

ಎಲ್ಲರೂ ತಿರುಗಿದರು. ‘ಕಾಫಿ ಇಡಲು’ ಎನ್ನಲು ನಾಚಿಕೆಯಾಗಿ ಓಯಾರ್ಸ್ ತೊದಲಿದ. “ನಮ್ಗೆ... ನಾಲ್ಕನೇ ಕಲಮಿನ ಬಗ್ಗೆ ಸ್ವಲ್ಪ ತಕರಾರಿದೆ.” ಆ ಕಲಮನ್ನು ಅವನು ಓದಿಯೂ ಇರಲಿಲ್ಲ.

ಪಕ್ಕದಲ್ಲಿದ್ದ ಇಟಲಿಯ ಒರ್ನೆಲ್ಲಾ ಅವನ ಬೆನ್ನು ತಟ್ಟಿದಳು. “ಭಲೇ ತಮ್ಮಾ! ಬೆಕ್ಕಿಗೆ ಗಂಟೆ ಕಟ್ಟೋನು ಒಬ್ಬ ಬೇಕಿತ್ತು ನೋಡು!” ಎಂದು ತನ್ನ ಫಲಕವನ್ನೂ ನಿಲ್ಲಿಸಿದಳು. ನೋಡನೋಡುತ್ತ ಅಣಬೆ ಎದ್ದಂತೆ ಫಲಕಗಳೆದ್ದು, ಕಾಯಿದೆಯನ್ನೇ ತಡೆಯುವಷ್ಟು ಬಲ ಅವನ ಹಿಂದೆ ಸೇರಿತು. ಅಧ್ಯಕ್ಷೆ ಸಿಡುಕಿ ವಿರಾಮ ಕೊಟ್ಟರು.

ಹೊರಗೆ ಹೊಸ ಬೆಂಬಲಿಗರು ಅವನನ್ನು ಮುತ್ತಿಕೊಂಡರು. “ನೀನೇ ಮುಂದಾಳು, ಜಗ್ಗಬೇಡ ಕಣಪ್ಪಾ!” ಎಂದು ಒಬ್ಬ ವಾಫಲ್ ತಿಂಡಿ ತಂದು ಬಾಯಿಗೇ ತುರುಕಿದ.

ಓಯಾರ್ಸ್ ಅದನ್ನು ಮೆಲ್ಲನೆ ಕರವಸ್ತ್ರದಲ್ಲಿ ಸುತ್ತಿಟ್ಟ. ಇಂಥ ಒಳ್ಳೆಯ ಜನಕ್ಕೆ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದ. ಊರಿಗೆ ತಿಳಿದರೆ ಕೆಲಸಕ್ಕೂ ಸಂಚಕಾರ. ಸಭೆ ಸೇರಿದ ಕೂಡಲೇ ಈ ಸಲ ಬೇಕೆಂದೇ ಫಲಕ ನಿಲ್ಲಿಸಿದ.

“ತಪ್ಪಾಯ್ತು. ನಮ್ಗೆ ಯಾವ ತಕರಾರೂ ಇಲ್ಲ. ಕಾಫಿ ಇಡೋಕೆ ಜಾಗ ಮಾಡ್ಕೊಂಡೆ, ಅಷ್ಟೇ.”

“ಥೂ, ಮಾನಗೆಟ್ಟವನೇ!” ಒರ್ನೆಲ್ಲಾ ಕುರ್ಚಿಯನ್ನು ಆಚೆ ಎಳೆದುಕೊಂಡಳು. ಮುಂದಾಳೇ ಕೈಬಿಟ್ಟ ಮೇಲೆ ಉಳಿದವರಿಗೇನು, ಒಂದೊಂದಾಗಿ ಫಲಕಗಳು ಮಲಗಿದವು. ಅಧ್ಯಕ್ಷೆ ಉಸಿರಾಡಲೂ ಬಿಡದೆ “ಒಪ್ಪಿಗೆಯಾಯ್ತು” ಎಂದರು.

ಮಾನ ಹೋದರೂ ಕೆಲಸ ಉಳಿಯಿತು ಎಂದುಕೊಂಡು ಓಯಾರ್ಸ್ ಹೊರಗೆ ಬಂದ. ಆಗ ಊರಿನಿಂದ ಮೇಲಧಿಕಾರಿ ಸ್ಕೈದ್ರಿತೆಯ ಫೋನ್ ಬಂತು.

“ಶಹಬ್ಬಾಸ್ ಕಣಯ್ಯಾ! ನೀನು ತಕರಾರು ಎತ್ತಿದ ಸುದ್ದಿ ವಿರಾಮದಲ್ಲೇ ಯಾರೋ ಮುಟ್ಟಿಸಿದ್ರು. ಮಂತ್ರಿಗಳಂತೂ ಈಗ ತಾನೇ ಟಿವಿಯಲ್ಲಿ, ‘ನಾಲ್ಕನೇ ಕಲಮನ್ನ ತಡೆಸಿದ್ದು ನಾನೇ. ಜೇನು ಸಾಕೋರಿಗೋಸ್ಕರ ಪ್ರಾಣ ಹೋದ್ರೂ ಬಗ್ಗಲ್ಲ’ ಅಂದ್ಬಿಟ್ರು! ನೀನು ಹಂಗೇ ಗಟ್ಟಿಯಾಗಿರು, ನಿನ್ನ ಕೆಲ್ಸ ಕಾಯಂ. ಹಲೋ? ಕೇಳಿಸ್ತಾ?”

ಓಯಾರ್ಸ್ ಗೋಡೆಗೆ ಮುಖ ಮಾಡಿ ನಿಂತ.

“ಮೇಡಂ,” ಎಂದ ಸಣ್ಣ ದನಿಯಲ್ಲಿ, “ಮಂತ್ರಿಗಳು ಹೇಳಿದ್ದನ್ನ... ವಾಪಸ್ ತಗೊಳ್ತಾರಾ?”