ಗೋಡೆ ಬಿಡದ ಅಳಿಯ

ಬೇರೆಯವರ ಮನೆಯಲ್ಲಿ ದುಃಖ ಬಂದರೆ ಜನ ಅಳುತ್ತಾರೆ. ನಮ್ಮ ಮನೆಯಲ್ಲಿ ಅಳೋಣ ಅಂತ ಕೂತರೆ ಅಷ್ಟರಲ್ಲಿ ಏನಾದರೊಂದು ನಗೆಪಾಟಲು ನಡೆದು, ಅಳುವೂ ಅರ್ಧಕ್ಕೇ ನಿಲ್ಲುತ್ತದೆ. ಹೋದ ವರ್ಷ ನಡುಮನೆಗೆ ಬಣ್ಣ ಹೊಡೆಸಿದಾಗಲೂ ಹಾಗೇ ಆಯಿತು.

ಮಷಿನ್ ಬಣ್ಣ

ನಮ್ಮ ಯಜಮಾನರು ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವರು. ಏನೇ ಮಾಡಿದರೂ ಬಾಳಿಕೆ ಬರಬೇಕು ಅನ್ನುವವರು. ಮನೆ ಕಟ್ಟಿಸಿದಾಗ ನಡುಮನೆಯ ಗೋಡೆಗೆಲ್ಲ ಆಯಿಲ್ ಪೇಂಟ್ ಹೊಡೆಸಿದರು, ಅದೂ ಯಂತ್ರಗಳಿಗೆ ಬಳಿಯುವ ಹಸಿರು. ಮುಖ ಕಾಣುವಷ್ಟು ಮಿಂಚುತ್ತಿತ್ತು. "ಒಂದು ಸ್ವಿಚ್ಚೂ ಇಡ್ಸಿಬಿಡಿ, ಮನೇನೂ ತಿರುಗ್ಲಿ" ಅಂದೆ. ಅವರು ಅದನ್ನು ಹೊಗಳಿಕೆ ಅಂದುಕೊಂಡರು.

ಮಗಳ ಮದುವೆ ಬಂತು. ನಮ್ಮ ಕಡೆ ಮದುವೆ ಮನೆಯ ಹೊರಗೋಡೆಯ ಮೇಲೆ ಹುಡುಗಿ, ಹುಡುಗನ ಹೆಸರು ಬರೆಸುವುದು ರೂಢಿ. ಬಿಸಿಲು ಮಳೆಗೆ ಅದು ತಾನಾಗಿ ಮಾಸುತ್ತದೆ. ಇವರು ಬಿಡಬೇಕಲ್ಲ! ಒಳಗೆ, ನಡುಮನೆಯಲ್ಲಿ, ಸೋಫಾದ ಮೇಲ್ಗಡೆ, ಕೆಂಪು ಆಯಿಲ್ ಪೇಂಟಿನಲ್ಲಿ ಗೇಣುದ್ದದ ಅಕ್ಷರದಲ್ಲಿ ಬರೆಸಿದರು. "ಮೊಮ್ಮಕ್ಳು ಓದ್ಬೇಕು ಕಣೇ" ಅಂದರು.

ವರ್ಷ ತುಂಬುವ ಮೊದಲೇ ಮಗಳು ಸೂಟ್‌ಕೇಸ್ ಹಿಡಿದು ವಾಪಸ್ ಬಂದಳು. ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದೆ ನಗು ಬರುವುದಿಲ್ಲ. ಗೋಡೆಯ ಮೇಲೆ ಒಂದು ಹಳೇ ಸೀರೆ ಇಳಿಬಿಟ್ಟೆ. ಕೋರ್ಟು ಕಚೇರಿ ಎಲ್ಲ ಮುಗಿದು, ಮದುವೆ ಅನ್ನುವುದು ಇಲ್ಲವೇ ಇಲ್ಲ ಅಂತಾಯಿತು. ಸೀರೆ ಸರಿಸಿ ನೋಡಿದರೆ ಅಕ್ಷರ ಮಾತ್ರ ನಿನ್ನೆ ಬರೆಸಿದಂತಿತ್ತು.

ಕೆನೆ

ಇನ್ನೊಂದು ಸಂಬಂಧ ಬಂತು. ಹುಡುಗ ಇಲ್ಲೇ ಹತ್ತಿರದ ವಿಜಯಪುರದವನು, ಅವನಿಗೂ ಇದು ಎರಡನೆಯದು. ಮಗಳು ಒಂದೇ ಮಾತು ಹೇಳಿದಳು: "ಆ ಹೆಸ್ರು ಇರೋ ಗೋಡೆ ಕೆಳಗೆ ನಾನು ಯಾರ ಮುಂದೇನೂ ಕೂತ್ಕೊಳಲ್ಲ. ಅದು ಹೋಗ್ಲಿ, ಆಮೇಲೆ ನೋಡೋಣ." ವಾಪಸ್ ಬಂದ ಮೇಲೆ 'ನೋಡೋಣ' ಅನ್ನುವ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ದೇವರಿಗೆ ಕೈ ಮುಗಿದೆ.

ಪೇಂಟರ್ ಬಂದು ಗೋಡೆ ಸವರಿ ನೋಡಿದ. "ಅಕ್ಕಾ, ಈ ನುಣುಪಿನ ಮೇಲೆ ಯಾವ ಬಣ್ಣಾನೂ ಕಚ್ಕೊಳಲ್ಲ. ಮೊದ್ಲು ಎಮರಿ ಪೇಪರಲ್ಲಿ ಉಜ್ಜಿ ಮಿಂಚು ತೆಗೀಬೇಕು" ಅಂದ. ಯಜಮಾನರಿಗೆ ತಮ್ಮ ಹಸಿರನ್ನು ಉಜ್ಜುವುದು ಅಂದರೆ ಜೀವ ಹೋದ ಹಾಗೆ. ಅವನನ್ನು ಸಾಗಹಾಕಿ, ಭಾನುವಾರ ತಾವೇ ರೋಲರ್ ಹಿಡಿದು ಕೋಟಿನ ಮೇಲೆ ಕೋಟು, ನೀರು ಬೆರೆಸುವ ಎಮಲ್ಷನ್ ಬಣ್ಣ ಹೊಡೆದರು. ಸಂಜೆಗೆ ಗೋಡೆ ತಿಳಿ ಹಳದಿಯಾಗಿ, ಹೆಸರು ಮಾಯವಾಯಿತು. ಎಷ್ಟೋ ದಿನದ ಮೇಲೆ ಮಗಳು ನಡುಮನೆಯಲ್ಲಿ ಕೂತು ಕಾಫಿ ಕುಡಿದಳು.

ಮರುದಿನ ಪಕ್ಕದ ಮನೆಯಾಕೆ ನೋಡಲು ಬಂದರು. ಕುಂಬಳಕಾಯಿ ಕೊಂಡರೂ ಉಗುರು ಚುಚ್ಚದೆ ಬಿಡುವವರಲ್ಲ. "ಗಟ್ಟಿಯಾಗಿ ಕೂತಿದ್ಯಾ?" ಅಂತ ಗೋಡೆಗೂ ಉಗುರು ಹಾಕಿದರು. ಹಾಲಿನ ಕೆನೆ ಬರುವ ಹಾಗೆ ಮೊಳದಗಲ ಬಣ್ಣ ಅವರ ಕೈಗೆ ಬಂತು. ಹಿಂದಿನಿಂದ ಹಳೇ ಅಳಿಯನ ಅರ್ಧ ಹೆಸರು ಕೆಂಪಗೆ ಇಣುಕಿತು. ಆಕೆ ಗಾಬರಿಯಲ್ಲಿ ಸೆರಗನ್ನು ತಲೆ ಮೇಲೆ ಎಳೆದುಕೊಂಡು, "ಅಯ್ಯೋ, ಅಳಿಯಂದ್ರು ಬಂದ್ಬಿಟ್ರು!" ಅಂದರು.

ಅರ್ಧ ದಿನದ ಕೆಲಸ

ಮತ್ತೆ ಪೇಂಟರನ್ನು ಕರೆಸಿದೆವು. ಅವನು ಹಳದಿಯನ್ನೆಲ್ಲ ಸುಲಿದು, ಎಡಗಡೆಯಿಂದ ಉಜ್ಜಲು ಶುರು ಮಾಡಿದ. ಮನೆಯೆಲ್ಲ ಹಸಿರು ಧೂಳು. ಯಜಮಾನರ ಮೀಸೆಗೂ ಮಷಿನ್ ಬಣ್ಣ ಬಂತು. ಹುಡುಗಿ ಮನೆಯಲ್ಲಿ ಬರೆಸಿದ್ದಲ್ಲವೇ, ಎಡಗಡೆ ಮಗಳ ಹೆಸರೇ ಇದ್ದದ್ದು. ಅದು ಮುಗಿಯುವ ಹೊತ್ತಿಗೆ ಪೇಂಟರಿಗೆ ಫೋನ್ ಬಂತು, ಅವನ ಊರಲ್ಲಿ ಯಾರೋ ತೀರಿಕೊಂಡಿದ್ದರು. ಸಾವಿಗೆ ಹೋಗಬೇಡ ಅನ್ನಲಾಗುತ್ತದೆಯೇ? ಹೋದ.

ಸಂಜೆ ಮಗಳು ಕೆಲಸದಿಂದ ಬಂದು ಬಾಗಿಲಲ್ಲೇ ನಿಂತಳು. ಗೋಡೆಯ ಮೇಲೆ 'ಚಿರಂಜೀವಿ' ಅಂತ ಅವನೊಬ್ಬನ ಹೆಸರು. "ನಮ್ಮನೇಲಿ ನಾನೇ ಇಲ್ಲ ನೋಡಮ್ಮ, ಅವ್ನಿದಾನೆ" ಅಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ತಟ್ಟೆಗೆ ಊಟ ಬಡಿಸಿ ಬಾಗಿಲ ಮುಂದಿಟ್ಟೆ. ಯಜಮಾನರು ಬಾಗಿಲ ಹತ್ತಿರ ನಿಂತು ಸಮಾಧಾನ ಮಾಡಿದರು: "ಅಳ್ಬೇಡ ಕಣಮ್ಮ. ನಿಮ್ಮಿಬ್ರನ್ನ ಬೇರೆ ಮಾಡೋಕೆ ಕೋರ್ಟು ಎರಡು ವರ್ಷ ತಗೊಂತು. ಈ ಪೇಂಟರ್ ಅರ್ಧ ದಿನದಲ್ಲಿ ಮಾಡ್ದ!"

ಬಿಸಿಲು

ಪೇಂಟರ್ ವಾಪಸ್ ಬಂದು, ಉಳಿದದ್ದನ್ನು ಅವಸರದಲ್ಲಿ ಉಜ್ಜಿ, ಪ್ರೈಮರ್, ಬಣ್ಣ ಎಲ್ಲ ಮುಗಿಸಿದ. ಉಗುರಿಗೂ ಏಳಲಿಲ್ಲ. ಮಗಳು ನೋಡಿ, "ಬರೋಕೆ ಹೇಳಿ" ಅಂದಳು.

ಅವರು ಬರುವ ದಿನ ಮಧ್ಯಾಹ್ನ ಕಿಟಕಿಯಿಂದ ಓರೆ ಬಿಸಿಲು ಗೋಡೆ ಮೇಲೆ ಬಿತ್ತು ನೋಡಿ. ಸರಿಯಾಗಿ ಉಜ್ಜದೆ ಬಿಟ್ಟ ಅಕ್ಷರದ ಅಂಚು ಹೊಸ ಬಣ್ಣದ ಒಳಗಿಂದ ಉಬ್ಬಿ ನಿಂತಿತ್ತು. ಬಣ್ಣವಿಲ್ಲ, ಹೆಸರಿದೆ! ಮಗಳು ಅಡುಗೆ ಮನೆಯಲ್ಲಿದ್ದಳು. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಬಂದಿದ್ದ ದಪ್ಪಗಿರುವ ನಮ್ಮಣ್ಣನನ್ನು ಕರೆದು, ಸೋಫಾ ಸರಿಸಿ ಅದಕ್ಕೆ ಅಡ್ಡ ನಿಲ್ಲಿಸಿ, "ಏನೇ ಆದ್ರೂ ಕದಲಬೇಡ" ಅಂದೆ.

ಹುಡುಗ, ಅವನ ತಾಯಿ ಬಂದರು. ಅಣ್ಣ ನಿಂತೇ ಉಪ್ಪಿಟ್ಟು ತಿಂದ. "ಕೂತ್ಕೊಳಿ" ಅಂದರೆ "ಸೊಂಟ ನೋವು" ಅಂದ. ಮಗಳು ಕಾಫಿ ತಂದಳು. ಆಗ ಅಣ್ಣನ ಫೋನ್ ಹೊಡೆದುಕೊಂಡಿತು. ಓಡಾಡದೆ ಫೋನಿನಲ್ಲಿ ಮಾತಾಡಲು ಬಾರದ ಮನುಷ್ಯ. "ಹಲೋ" ಅನ್ನುತ್ತಾ ಹೊರಗೆ ನಡೆದೇಬಿಟ್ಟ. ಎಲ್ಲರೂ ಗೋಡೆ ನೋಡಿದರು. ಹುಡುಗನ ತಾಯಿಯ ತುಟಿ ಅಕ್ಷರ ಕೂಡಿಸಿ ಓದುತ್ತಿತ್ತು. ಮಗಳು ತಟ್ಟೆ ಕೆಳಗಿಟ್ಟು ಒಳಗೆ ತಿರುಗಿದಳು. ಎಲ್ಲ ಮುಗಿಯಿತು ಅಂದುಕೊಂಡೆ.

ಹುಡುಗ ಎದ್ದು ಹೋಗಿ ಗೋಡೆಯ ಮೇಲೆ ಬೆರಳಾಡಿಸಿದ. "ಆಯಿಲ್ ಪೇಂಟಾ?"

"ಹೂಂ" ಅಂದರು ಯಜಮಾನರು.

"ನಮ್ಮಪ್ಪಾನೂ ಅದ್ರಲ್ಲೇ ಬರೆಸಿದ್ದು. ನನ್ ರೂಮಿನ ಬಾಗ್ಲು ಮೇಲೆ."

"ಸುಮ್ನಿರೋ" ಅಂದರು ತಾಯಿ.

ಮಗಳು ನಿಂತಳು. "ಆಮೇಲೆ ಹೆಂಗೆ ತೆಗ್ದ್ರಿ?"

"ಎಲ್ಲಿ ಹೋಗುತ್ತೆ! ಬಾಗ್ಲನ್ನೇ ಕಿತ್ತಾಕಿದ್ವಿ. ಈಗ ಬರೀ ಕರ್ಟನ್ನು."

ಮಗಳು ನಕ್ಕಳು. ಸೆರಗು ಬಾಯಿಗೆ ಇಟ್ಟುಕೊಂಡು ನಾನು ಅತ್ತೆ.

ಅವರು ಹೋದ ಮೇಲೆ ಅವಳು ಆ ಗೋಡೆಯ ಕೆಳಗೇ ಕೂತು ಹೇಳಿದಳು: "ಆಗ್ಲಿ ಅಪ್ಪ, ಒಪ್ಕೋತೀನಿ. ಆದ್ರೆ ಈ ಸಲ ಗೋಡೆ ಮೇಲೆ ಏನೂ ಬರೆಸಂಗಿಲ್ಲ."

ಯಜಮಾನರು ಗೋಡೆಯನ್ನೊಮ್ಮೆ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು: "ಸೀಮೆಸುಣ್ಣದಲ್ಲಿ ಬರೆಸ್ಲೇನಮ್ಮ? ಯಾವ್ದಕ್ಕೂ ಇರ್ಲಿ."