ಹಳೇ ಮಾತು ಹುಡುಕಲು ಬಂದ ಸಾಹೇಬರು

ನಮ್ಮ ಸಂಶೋಧನಾ ಮಂಡಳಿಯ ಮೊದಲ ವರ್ಷ, ಏನೂ ಎಡವಟ್ಟಾಗದೆ ಒಂದು ದಿನ ಕಳೆದರೆ 'ಇವತ್ತು ಕೆಲಸ ಮಾಡಿಲ್ಲೇನು?' ಎಂದು ನಮಗೇ ಅನುಮಾನ ಬರುತ್ತಿತ್ತು.

ಮಂಡಳಿ ಜರ್ಮನಿಯ ಒಂದು ಯೂನಿವರ್ಸಿಟಿಯದು. ನಮ್ಮ ಸೀಮೆಯ ಮಾತನ್ನೂ ಕಲ್ಲಿನ ಶಾಸನಗಳನ್ನೂ ಅಭ್ಯಾಸ ಮಾಡುವುದು ಅದರ ಕೆಲಸ. ಮುಖ್ಯಸ್ಥರು ಜರ್ಮನಿಯ ಪ್ರೊಫೆಸರರು. ಅವರನ್ನು ದೊಡ್ಡಸಾಹೇಬರು ಅನ್ನುತ್ತಿದ್ದೆವು. ಶಾಸನ ಓದಲು ಸ್ಕಾಟ್ಲೆಂಡಿನ ಒಬ್ಬ ತರುಣ ಸಾಹೇಬರು. ಇಬ್ಬರಿಗೂ ದುಭಾಷಿ, ಸವದತ್ತಿಯ ಸಾಲಿ ಮಾಸ್ತರನಾದ ನಾನು. ಒಂದು ವರ್ಷ ನೋಡುವುದು, ಕೆಲಸ ಕಂಡರೆ ಮುಂದುವರಿಸುವುದು, ಕಾಣದಿದ್ದರೆ ಗಂಟುಮೂಟೆ ಕಟ್ಟುವುದು ಎಂದು ಯೂನಿವರ್ಸಿಟಿ ಮೊದಲೇ ಹೇಳಿ ಕಳಿಸಿತ್ತು.

ಮನಿ ಹಿಡಿದದ್ದು

ಸವದತ್ತಿಯಲ್ಲಿ ಮಂಡಳಿಗೊಂದು ಮನೆ ಬೇಕಾಗಿತ್ತು. ಅರಿವೆ ವ್ಯಾಪಾರಿಯೊಬ್ಬರ ದೊಡ್ಡ ಮನೆ ನೋಡಲು ಹೋದೆ.

"ಇವರ ಉದ್ಯೋಗ ಏನ್ರಿ, ಮಾಸ್ತರ್ರ?" ಎಂದು ವ್ಯಾಪಾರಿ ಕೇಳಿದರು.

"ಸಂಶೋಧನಾರಿ. ಅಂದ್ರ, ಹುಡುಕೂದು."

"ಏನ್ ಕಳಕೊಂಡಾರ?"

"ಕಳಕೊಂಡಿಲ್ರಿ. ಹಳೇ ಮಾತು ಹುಡಕಾಕ ಬಂದಾರ."

"ಅದಕ್ಕಂತ ಜರ್ಮನಿಯಿಂದ ಬಂದಾರ?"

"ಹೌದ್ರಿ."

ವ್ಯಾಪಾರಿ ಒಳಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಹಂಗಾರ ಬಾಡಗಿ ಬ್ಯಾಡ್ರಿ. ನಮ್ಮ ಅತ್ತಿ ಇಲ್ಲೇ ಇರ್ತಾಳ. ಆಕಿ ಹಳೇ ಮಾತು ಬಿಟ್ಟು ಬ್ಯಾರೆ ಆಡಂಗಿಲ್ಲ. ಆಕಿನ್ನೂ ಸೇರಿಸಿ ತಗೋರಿ."

ಒಳಗೆ ಯಾರೋ ಗಟ್ಟಿಯಾಗಿ ಕೆಮ್ಮಿದರು. ನಾವು ಬಾಡಿಗೆ ಕೊಟ್ಟು ಬೇರೆ ಮನೆ ಹಿಡಿದೆವು.

ಬೈಲಹೊಂಗಲದ ಬದನಿಕಾಯಿ

ದೊಡ್ಡಸಾಹೇಬರು ಕನ್ನಡವನ್ನು ತಮ್ಮ ದೇಶದಲ್ಲೇ, ಶಾಸನಗಳನ್ನು ಓದಿ ಓದಿ ಕಲಿತಿದ್ದರು. ಅವರ ಕನ್ನಡದಲ್ಲಿ ಒಂದು ತಪ್ಪೂ ಇರಲಿಲ್ಲ. ಚಾಲುಕ್ಯರ ಕಾಲದ್ದು, ಅಷ್ಟೇ.

ಬೈಲಹೊಂಗಲದ ಸಂತೆಯಲ್ಲಿ "ಇಂದು ನೀವು ಮಾತಾಡಬಾರದು" ಎಂದು ನನ್ನನ್ನು ಹಿಂದೆ ನಿಲ್ಲಿಸಿದರು. ಕಾಯಿಪಲ್ಲೆ ಮಾರುವವಳ ಮುಂದೆ ಟೋಪಿ ತೆಗೆದು ನಿಂತು, ಗಂಭೀರವಾಗಿ ನುಡಿದರು:

"ಎಲೆ ತಾಯೆ! ಎನಗೆ ಬದನೆಕಾಯ್ಗಳಂ ಕುಡುವುದು!"

ಆಕೆ ತಲೆ ತುಂಬ ಸೆರಗು ಹೊದ್ದು, ಕೈ ಮುಗಿದು, ಕಣ್ಣು ಮುಚ್ಚಿದಳು. ಕೇಳಿಸಲಿಲ್ಲವೇನೋ ಎಂದು ಸಾಹೇಬರು ಇನ್ನೂ ಗಟ್ಟಿಯಾಗಿ ಹೇಳಿದರು. ಬಳ್ಳೊಳ್ಳಿ ಮಾರುವವನೂ ಎದ್ದು ಬಂದು ಕೈ ಮುಗಿದ. ನೋಡುನೋಡುತ್ತ ಸಣ್ಣ ಗುಂಪೇ ಸೇರಿತು. ಸಾಹೇಬರು ಉಸಿರು ತೆಗೆದುಕೊಳ್ಳಲು ನಿಂತಾಗ ಆಕೆ ಒಂದು ಕಣ್ಣು ತೆರೆದು ನನ್ನನ್ನು ಕೇಳಿದಳು:

"ಮಂತ್ರ ಮುಗೀತೇನ್ರಿ?"

"ಮಂತ್ರ ಅಲ್ಲವ್ವ. ಸಾಹೇಬ್ರಿಗೆ ಬದನಿಕಾಯಿ ಬೇಕಂತ."

"ಅಯ್ಯ, ಇಷ್ಟೇನ್ರಿ? ಕನ್ನಡದಾಗ ಕೇಳಿದ್ರ ಆಗತಿತ್ತಲ್ರಿ!"

ಹೂಲಿಯ ಹರಕಿ

ಹೂಲಿಯ ಒಂದು ಗುಡಿಯಲ್ಲಿ ಶಾಸನದ ಕೊನೆಯ ಸಾಲು ನೆಲಕ್ಕೆ ತಾಗಿತ್ತು. ಅದನ್ನು ಓದಲು ತರುಣ ಸಾಹೇಬರು ಬೋರಲಾಗಿ ಮಲಗಿ, ಸಾಲು ಸರಿದ ಹಾಗೆ ತಾವೂ ಸರಿಯತೊಡಗಿದರು.

ಆ ಹೊತ್ತಿಗೆ ಹೆಂಗಸರು ಕೊಡ ಹೊತ್ತು ಬಂದರು. ನಮ್ಮ ಕಡೆ ಹರಕೆ ಹೊತ್ತು, ಹೀಗೆ ಬೋರಲಾಗಿ ಮಲಗುತ್ತ ಸಾಗಿ ದೀಡ ನಮಸ್ಕಾರ ಹಾಕುವವರ ಮೇಲೆ ನೀರು ಸುರುವಿದರೆ ಪುಣ್ಯ. ಮೊದಲನೆಯವಳು ಒಂದು ಕೊಡ ಪೂರ್ತಿ ಸುರುವಿದಳು.

ಸಾಹೇಬರು ತೊಯ್ದ ತಲೆ ಎತ್ತಿ, "ಇದೇನು?" ಎಂದರು.

"ಗೌರವ, ಸರ್" ಎಂದೆ.

"ಥ್ಯಾಂಕ್ಸ್ ಹೇಳಿ" ಎಂದು ಮತ್ತೆ ಓದತೊಡಗಿದರು. ಎರಡನೆಯ ಕೊಡ ಬಿತ್ತು.

"ಯಾತರ ಹರಕೀರಿ?" ಎಂದು ಅಲ್ಲಿದ್ದ ಮುದುಕರೊಬ್ಬರು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ "ಪಾಪ, ಲಗ್ನ ಆಗಿಲ್ಲಂತ" ಎಂದು ಯಾರೋ ಹೇಳಿದರು. ಊರು ಒಪ್ಪಿತು.

ಕೆಲವು ವಾರಗಳಲ್ಲಿ ಸ್ಕಾಟ್ಲೆಂಡಿನಲ್ಲಿ ಸಾಹೇಬರ ಲಗ್ನ ನಿಜವಾಗಿಯೇ ನಿಶ್ಚಯವಾಯಿತು. ಸುದ್ದಿ ಹೂಲಿಗೆ ನಮಗಿಂತ ಮೊದಲು ಮುಟ್ಟಿತ್ತು. ಅಚ್ಚು ತೆಗೆಯಲು ಕಾಗದ, ಮಸಿ ಹಿಡಿದು ಹೋದರೆ ಶಾಸನದ ಹತ್ತಿರ ಹೋಗಲು ಜಾಗವೇ ಇಲ್ಲ. ಲಗ್ನವಾಗದ ಗಂಡಸರೆಲ್ಲ ಬೋರಲಾಗಿ ಮಲಗಿದ್ದರು. ಸಾಹೇಬರು ಕಟ್ಟೆಯ ಮೇಲೆ ಕುಳಿತು ತಮ್ಮ ಪಾಳಿ ಕಾಯ್ದರು.

ರಾಮದುರ್ಗದ ಪ್ರಾರ್ಥನೆ

ವರ್ಷದ ಕೊನೆಗೆ ಯೂನಿವರ್ಸಿಟಿಯ ಹಿರಿಯರೊಬ್ಬರು ಪರೀಕ್ಷೆಗೆ ಬಂದರು. ದೊಡ್ಡಸಾಹೇಬರಿಗೆ ಊಟ ಸೇರದಂತಾಯಿತು. ಅವರ ಭರವಸೆಯೆಲ್ಲ ಒಂದು ಪೆಟ್ಟಿಗೆಯ ಮೇಲೆ. ಹಿತ್ತಾಳೆಯ ಕಹಳೆಯಿದ್ದ ಅದು, ಆಡಿದ ಮಾತನ್ನು ಮೇಣದಲ್ಲಿ ಹಿಡಿದು, ತಿರುವಿದರೆ ಮತ್ತೆ ಆಡಿ ತೋರಿಸುತ್ತಿತ್ತು.

ರಾಮದುರ್ಗದ ನೇಕಾರರ ಓಣಿಯಲ್ಲಿ ಒಬ್ಬ ಅಜ್ಜಿಯನ್ನು ಕಹಳೆಯ ಮುಂದೆ ಕೂಡಿಸಿ, ಬೀಸೋ ಪದ ಹಾಡಲು ಕೇಳಿದೆವು. ಅಜ್ಜಿ ಬಾಯಿ ಬಿಡಲೊಲ್ಲಳು. ಹಿರಿಯರು ಗಡಿಯಾರ ನೋಡಿದರು. ಅಷ್ಟರಲ್ಲಿ ಪಕ್ಕದ ಮನೆಯಾಕೆಯ ಆಡು ಒಳನುಗ್ಗಿ, ನೂಲಿಗೆ ಮಾಡಿಟ್ಟ ಗಂಜಿಗೆ ಬಾಯಿ ಹಾಕಿತು. ಅಜ್ಜಿಯ ಬಾಯಿ ಬಿಚ್ಚಿತು. ಮೇಣ ತುಂಬಿ ಮುಗಿಯುವವರೆಗೂ ಮುಚ್ಚಲಿಲ್ಲ.

ಹಿರಿಯರು "ಕೇಳಿಸಿ" ಎಂದರು. ಪೆಟ್ಟಿಗೆ ಬೈಯತೊಡಗಿತು. ಪಕ್ಕದಾಕೆ ಓಡಿ ಬಂದಳು. ನೋಡಿದರೆ ಅಜ್ಜಿ ತುಟಿ ಮುಚ್ಚಿ ಕೂತಿದ್ದಾಳೆ, ಬೈಗುಳ ಮಾತ್ರ ನಡೆದಿದೆ! ಆಕೆ ಕಹಳೆಯೊಳಗೆ ಮುಖವಿಟ್ಟು ಒಂದೊಂದಕ್ಕೂ ಉತ್ತರ ಕೊಟ್ಟಳು. ಮೇಣ ಮುಗಿದು ಪೆಟ್ಟಿಗೆ ಸುಮ್ಮನಾಯಿತು.

"ನೋಡ್ರಿ, ಹೆಂಗ ಬಾಯಿ ಕಟ್ಟಿತು!" ಎಂದಳು ಪಕ್ಕದಾಕೆ.

"ಸಾಹೇಬ್ರ, ಇನ್ನೊಮ್ಮಿ ತಿರುವ್ರಿ!" ಎಂದಳು ಅಜ್ಜಿ.

ಹಿರಿಯರು ನನ್ನ ಕಡೆ ತಿರುಗಿ, "ಏನು ಹೇಳುತ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲೇ ಬೆಳ್ಳಗಿದ್ದ ದೊಡ್ಡಸಾಹೇಬರ ಮುಖ ಇನ್ನೂ ಬೆಳ್ಳಗಾಯಿತು.

"ಒಬ್ಬರ ಹಿರಿಯರನ್ನು ಇನ್ನೊಬ್ಬರು ನೆನೆಯುತ್ತಿದ್ದಾರೆ, ಸರ್."

"ಎಷ್ಟು ತಲೆಮಾರಿನವರನ್ನು?"

"ಯಾರನ್ನೂ ಬಿಟ್ಟಿಲ್ಲ, ಸರ್. ಮುಂದೆ ಹುಟ್ಟುವವರನ್ನೂ ಸೇರಿಸಿದ್ದಾರೆ."

ಹಿರಿಯರು ಟೋಪಿ ತೆಗೆದರು. ಎರಡನೆಯ ಸಲ ಪೆಟ್ಟಿಗೆ ತಿರುವಿದಾಗ ತಲೆ ಬಾಗಿಸಿ ನಿಂತೇ ಕೇಳಿದರು. ಆಮೇಲೆ ದೊಡ್ಡಸಾಹೇಬರ ಕೈ ಕುಲುಕಿ, "ನಿಮ್ಮ ಕೆಲಸ ಮುಂದುವರಿಯಲಿ. ಈ ಪ್ರಾರ್ಥನೆಯಿಂದಲೇ ನಮ್ಮ ವಾರ್ಷಿಕ ಸಭೆ ಆರಂಭಿಸುತ್ತೇನೆ" ಎಂದು, ಆ ಮೇಣವನ್ನು ಹತ್ತಿಯಲ್ಲಿ ಸುತ್ತಿಸಿಕೊಂಡು ಹೋದರು.

ಹೇಳಿದಂತೆ ಆರಂಭಿಸಿದರಂತೆ. ಇಡೀ ಯೂನಿವರ್ಸಿಟಿ ಎದ್ದು ನಿಂತು ಕೇಳಿತಂತೆ.